ಸೂಚಕರ ಸಹಿ

"ಸುಳ್ಳು ಹೇಳ್ಬೇಡಿ ಮಾರಾಯ್ರೆ. ಅಧ್ಯಕ್ಷ ಸ್ಥಾನಕ್ಕೆ ನಿಂತ್ರೆ ನಾನು ಗೆಲ್ತೇನಾ ಇಲ್ವಾ, ಅಷ್ಟು ಹೇಳಿ," ಎಂದು ಉಮ್ಮರಬ್ಬ ಕುರ್ಚಿಯ ತುದಿಯಲ್ಲಿ ಕೂತರು.

ಕೊಲ್ಲಿ ನಾಡಿನ ಅಲ್ ಮುರಕ್ಕಬಾತಿನ ಕನ್ನಡ ಸಂಘದ ಕೋಣೆಯಲ್ಲಿ ಅವರು ಮತ್ತು ಕಾರ್ಯದರ್ಶಿ ಗುರುದತ್ತ, ಇಬ್ಬರೇ. ನಾಮಪತ್ರಕ್ಕೆ ಸಂಜೆ ಐದರ ಗಡುವು; ಆಗಲೇ ಮೂರೂವರೆ. ಹನ್ನೊಂದು ವರ್ಷದಿಂದ ಅಧ್ಯಕ್ಷ ವೆಂಕಟರಾಮಯ್ಯನವರ ಎದುರು ಯಾರೂ ನಿಂತಿರಲಿಲ್ಲ. ಸಮಿತಿಯ ಚುನಾವಣೆಗಳಲ್ಲಾದರೋ, ಗುರುದತ್ತ ಸದಸ್ಯರ ಪಟ್ಟಿಯ ಮೇಲೆ ಪೆನ್ಸಿಲ್ ಆಡಿಸಿ ಹೇಳಿದ ಲೆಕ್ಕ ನಾಲ್ಕೈದು ಮತಕ್ಕಿಂತ ಹೆಚ್ಚು ತಪ್ಪಿದ್ದೇ ಇಲ್ಲ. ಆ ಪೆನ್ಸಿಲನ್ನು ನಂಬಿ ಉಮ್ಮರಬ್ಬ ಬಂದಿದ್ದರು.

"ಆಸೆಯಿಂದಲ್ಲ," ಎಂದರು. "ಮುಸಫ್ಫಾದ ಆ ವೆಲ್ಡರ್ ತೀರಿಹೋದನಲ್ಲ, ಸಹಿ ಹಾಕ್ಲಿಕ್ಕೆ ಅಧ್ಯಕ್ಷರು ಇಲ್ಲಿಲ್ಲ ಅಂತ, ಊರಿಗೆ ಕಳಿಸ್ಲಿಕ್ಕೆ ಬೇಕಾದ ಸಂಘದ ಒಂದು ಪತ್ರಕ್ಕೆ ಕಾದು ಒಂಬತ್ತು ದಿನ ಬಾಡಿ ಫ್ರೀಜರಲ್ಲಿ. ಅವನ ಹೆಂಡತಿ ದಿನಾ ಫೋನು. ಎಂತ ಹೇಳುದು ನಾನು? ಸಹಿ ನನ್ನ ಕೈಯಲ್ಲಿದ್ರೆ ಅದೇ ದಿನ ಹಾಕ್ತಿದ್ದೆ. ಆದ್ರೆ ಸೋಲುದಾದ್ರೆ ಬೇಡ. ಸುಮ್ಮನೆ ಸಂಘ ಒಡೆಯುದು ಯಾಕೆ?"

ಗುರುದತ್ತ ಬೆಳಿಗ್ಗೆಯೇ ಲೆಕ್ಕ ಹಾಕಿಟ್ಟಿದ್ದ. ಡ್ರಾಯರಿನ ಪಟ್ಟಿಯಲ್ಲಿ ಮುನ್ನೂರ ಎಂಬತ್ತಾರು ಹೆಸರು, ಉಮ್ಮರಬ್ಬರ ಕಡೆಗೆ ಇನ್ನೂರ ಹದಿನಾಲ್ಕು. ಸತ್ತವರ ಕಾಗದಪತ್ರಕ್ಕೆ ಓಡಾಡುವ ಇವರ ನಂಬರು ಇಲ್ಲದ ಮೊಬೈಲು ಕಾರ್ಮಿಕರ ಕ್ಯಾಂಪುಗಳಲ್ಲಿ ಇರಲಿಲ್ಲ.

ಆದರೆ ಕೆಲಸವಿಲ್ಲದೆ ವಿಸಿಟ್ ವೀಸಾದಲ್ಲಿ ಬಂದಿದ್ದ ಗುರುದತ್ತನಿಗೆ ಐದು ತಿಂಗಳು ಅನ್ನ ಹಾಕಿದವರು ವೆಂಕಟರಾಮಯ್ಯನವರ ಹೆಂಡತಿ ಕಾಂತಮ್ಮ. ನಿನ್ನೆ ಮೈಸೂರಿನಿಂದ ಫೋನು ಮಾಡಿದ್ದ ವೆಂಕಟರಾಮಯ್ಯ ಏನೂ ಕೇಳಿರಲಿಲ್ಲ. "ನೀನಿದ್ದೀಯಲ್ಲಪ್ಪ," ಎಂದಿದ್ದರು, ಅಷ್ಟೆ.

"ಕಷ್ಟ, ಉಮ್ಮರಾಕ," ಎಂದ ಗುರುದತ್ತ. "ಎಷ್ಟು ಎಳೆದ್ರೂ ನೂರೈವತ್ತು ದಾಟಲ್ಲ. ತುಂಬ ತಡ ಆಗೋಯ್ತು."

ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಖಲಾಸ್. ನೀವು ಹೇಳಿದ ಮೇಲೆ ಮುಗೀತು," ಎಂದು ಉಮ್ಮರಬ್ಬ ನಕ್ಕರು. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಕೇಳಿಸಿಕೊಂಡು ಎದ್ದು ನಿಂತರು. "ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋಡೌನಿನಲ್ಲಿ ಒಬ್ಬ ಹೋದನಂತೆ. ನಮ್ಮ ಬಂಟ್ವಾಳದವ. ಪತ್ರ ಬೇಕಾಗ್ತದೆ. ಅಧ್ಯಕ್ಷರು ಬಂದಿದ್ದಾರಲ್ಲ?"

"ಇಲ್ಲ... ಹದಿನೈದಕ್ಕೆ ಬರ್ತಾರೆ."

ಉಮ್ಮರಬ್ಬ ಗುರುದತ್ತನ ಭುಜ ತಟ್ಟಿ ಮೆಟ್ಟಿಲಿಳಿದು ಹೋದರು.

ಅವರು ಕೂತಿದ್ದ ಕುರ್ಚಿಯ ಮೇಲೆ ಮಡಿಚಿದ ಕಾಗದವೊಂದು ಉಳಿದಿತ್ತು. ತುಂಬಿಸಿದ ನಾಮಪತ್ರ. ಕೆಳಗೆ ಅವರ ಸಹಿ. ಅದರ ಪಕ್ಕ 'ಸೂಚಕರು' ಎಂಬಲ್ಲಿ ಅವರದೇ ಅಕ್ಷರದಲ್ಲಿ ಗುರುದತ್ತನ ಹೆಸರು. ಸಹಿಯ ಜಾಗ ಮಾತ್ರ ಖಾಲಿ.

ಗಂಟೆ ನಾಲ್ಕು. ಉಮ್ಮರಬ್ಬರಿಗೆ ಫೋನು ಮಾಡಿ ನಿಜ ಹೇಳಿ, ಸಹಿ ಹಾಕಿ ಚುನಾವಣಾಧಿಕಾರಿಗೆ ವಾಟ್ಸಾಪ್ ಮಾಡಿದರೆ ಸಾಕಿತ್ತು. ಗುರುದತ್ತ ಚಹಾ ಮಾಡಿಕೊಂಡ, ಕುಡಿಯಲಿಲ್ಲ. ಎರಡು ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟ.

ಐದರ ಗಡುವು ದಾಟಿ ಹತ್ತು ನಿಮಿಷಕ್ಕೆ ಪೆನ್ನು ತೆಗೆದು, ತನ್ನ ಹೆಸರಿನ ಮುಂದೆ ದುಂಡಗೆ ಸಹಿ ಹಾಕಿದ.