ಚೈನ್ ಗಾಡಿಗೂ ಪಂಕ್ಚರ್

ಚೈನ್ ಗಾಡಿಗೆ ಪಂಕ್ಚರ್ ಆಗುತ್ತದೆ ಎಂದರೆ ಯಾರೂ ನಂಬುವುದಿಲ್ಲ. ನಂಬಿಸಲು ಹೊರಟರೆ ನಗುತ್ತಾರೆ. ನಕ್ಕವರು ನಗಲಿ, ಆಗುವುದಂತೂ ನಿಜ. ಮಣ್ಣು ತುಂಬುವ ಆ ಗಿಡ್ಡ ಲೋಡರಿಗೆ ಅಸಲಿಗೆ ಇರುವುದು ನಾಲ್ಕು ರಬ್ಬರ್ ಟೈರುಗಳೇ. ಕೆಸರಿನಲ್ಲಿ ಜಾರದಿರಲೆಂದು ಒಂದೊಂದು ಮಗ್ಗುಲಿನ ಎರಡೆರಡು ಟೈರುಗಳನ್ನು ಬಳಸಿ ಕಬ್ಬಿಣದ ಚೈನ್ ತೊಡಿಸಿರುತ್ತಾರೆ, ಅಷ್ಟೆ. ಬೂಟು ಹಾಕಿಕೊಂಡವನಿಗೆ ಮುಳ್ಳು ಚುಚ್ಚುವುದೇ ಇಲ್ಲವೇ? ಬೂಟಿನೊಳಗೇ ಹೊಕ್ಕರೆ ಚುಚ್ಚುತ್ತದೆ, ಆಗ ಬೂಟು ಬಿಚ್ಚದೆ ಗತಿಯಿಲ್ಲ.

ಆ ದಿನ ಹೊಕ್ಕದ್ದು ಗೇಣುದ್ದದ ಕಬ್ಬಿಣದ ಸರಳು. ಚರಂಡಿ ಪೈಪು ಹೂತು ಮಣ್ಣು ಮುಚ್ಚುತ್ತಿದ್ದ ಇಕ್ಕಟ್ಟು ಬೀದಿಯ ನಟ್ಟನಡುವೆ ಗಾಡಿ ಎಡಕ್ಕೆ ವಾಲಿ ನಿಂತುಬಿಟ್ಟಿತು. ಹಿಂದಿನ ಟೈರಿನ ಗಾಳಿ ಪೂರ್ತಿ ಇಳಿದು, ಚೈನ್ ಜೋತುಬಿದ್ದು, ಇನ್ನೊಂದು ಮಾರು ಓಡಿಸಿದರೆ ಕಳಚಿ ಬೀಳುವಂತಿತ್ತು. ಅತ್ತಲಿನ ಕಾರುಗಳು ಅತ್ತ, ಇತ್ತಲಿನವು ಇತ್ತ. ಮೂಲೆಮನೆಯ ಯಜಮಾನರು ಪೇಪರ್ ಮಡಿಸಿಕೊಂಡು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನಪ್ಪಾ, ಚೈನ್ ಗಾಡಿಗೂ ಪಂಕ್ಚರಾ? ನಾಳೆ ರೈಲಿಗೂ ಪಂಕ್ಚರ್ ಅಂತೀಯ ನೀನು."

"ಆದ್ರೆ ನಿಮಗೇ ಮೊದ್ಲು ಹೇಳ್ತೀನಿ ಸ್ವಾಮಿ," ಎಂದು ಭಾವ ಗೊಣಗಿದ.

ಗಾಡಿ ಓಡಿಸುವ ಈ ಮನುಷ್ಯನನ್ನು ಎಲ್ಲರೂ ಕರೆಯುವುದೇ ಭಾವ ಎಂದು. ಹಿಂದೆ ಅವನ ಜೊತೆ ಹೆಂಡತಿಯ ತಮ್ಮ ಕೆಲಸಕ್ಕಿದ್ದ. "ಭಾವ, ಡೀಸೆಲ್", "ಭಾವ, ಟೀ", "ಭಾವ, ಗೋಡೆ ನೋಡ್ಕೊಳ್ಳಿ" ಎಂದು ದಿನವಿಡೀ ಅವನು ಕೂಗಿದ್ದೇ ಕೂಗಿದ್ದು, ಸಿಮೆಂಟಿನವನಿಗೂ ಇಟ್ಟಿಗೆಯವನಿಗೂ ಇವನು ಭಾವನೇ ಆಗಿಹೋದ. ಬಾಮೈದ ಬಿಟ್ಟುಹೋದ ಮೇಲೂ ಆ ಹೆಸರು ಹೋಗಲಿಲ್ಲ. ಯಾರಾದರೂ ಹಾಗೆ ಕರೆದಾಗಲೆಲ್ಲ ಅವನಿಗೆ ಒಳಗೆಲ್ಲೋ ಚುಳ್ಳೆನ್ನುತ್ತಿತ್ತು. ತೋರಿಸಿಕೊಳ್ಳುವ ಜಾತಿಯಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಲ್ಲೂ ಅವನು ಒಂದು ಕೈ ಮೇಲು. ನಾಲ್ಕನೆಯ ಕಾಲನ್ನು ಹಿಡಿದು ತೋರಿಸಿದರೆ ಅದು ಬಾಲ ಎನ್ನುವ ಆಸಾಮಿ.

ಜಗಳ ಹುಟ್ಟಿದ್ದು ಒಂದೇ ಒಂದು ಮಾತಿನಿಂದ. ಹಿಂದೊಮ್ಮೆ ಹೀಗೆಯೇ ಟೈರ್ ಹೋಗಿತ್ತು. ಟೈರ್ ಸರಿಮಾಡಿದ ಮೇಲೆ ಚೈನಿನ ಎರಡು ತುದಿಗಳನ್ನು ಎಳೆದು ತಂದು, ತೂತಿಗೆ ತೂತು ಕೂಡಿಸಿ, ನಡುವೆ ಕಬ್ಬಿಣದ ಪಿನ್ ತೂರಿಸಬೇಕು. ತೂತುಗಳು ಸುಮ್ಮನೆ ಕೂಡುವುದಿಲ್ಲ. ಒಳಗೆ ಕುಳಿತವನು ಗಾಡಿಯನ್ನು ಎಳ್ಳಷ್ಟು ಎಳ್ಳಷ್ಟು ಸರಿಸಿಕೊಡಬೇಕು. ಅಂದು ಹೊರಗೆ ಪಿನ್ ಹಿಡಿದವನು ಭಾವ, ಒಳಗೆ ಬಾಮೈದ. ಭಾವನ ಬೆರಳು ಸಿಕ್ಕಿಕೊಳ್ಳುವಂತಾಯಿತು. "ಬಿಡು, ಬಿಡು" ಎಂದು ಕೂಗಿದ. ಗಾಡಿ ಸರಿಸುವ ಸನ್ನೆಕೋಲು ಬಿಡು, ಕೈ ತೆಗಿ ಎಂಬುದು ಅವನ ಅರ್ಥ. ಬಾಮೈದನಿಗೆ ಕೇಳಿಸಿದ್ದು ಗಾಡಿ ಬಿಡು ಎಂದು. ಅವನು ಬಿಟ್ಟ. ಭಾವನ ಬಲಗೈಯಲ್ಲಿ ಈಗ ಇರುವುದು ಮೂರೇ ಬೆರಳು.

ಬೆರಳು ಹೋದದ್ದನ್ನಾದರೂ ಭಾವ ನುಂಗಿಕೊಳ್ಳುತ್ತಿದ್ದನೇನೋ. ಆಸ್ಪತ್ರೆಯಲ್ಲಿ ಬಾಮೈದ ಅಳುತ್ತಾ, "ನೀವೇ ಬಿಡು ಅಂದ್ರಲ್ಲ ಭಾವ, ಒಳಗೆ ಬೇರೇನೂ ಕೇಳಿಸಲಿಲ್ಲ" ಎಂದನಲ್ಲ, ಅದನ್ನು ನುಂಗಲಾಗಲಿಲ್ಲ. ತಪ್ಪು ಮಾಡಿದ್ದಲ್ಲದೆ ತನ್ನ ಮೇಲೇ ತಿರುಗಿಸುತ್ತಾನಲ್ಲ ಎಂದು ಮೈಯೆಲ್ಲ ಉರಿಯಿತು. "ನನ್ನ ಹೊಸಿಲು ತುಳೀಬೇಡ" ಎಂದುಬಿಟ್ಟ. ಅವನು ತುಳಿಯಲಿಲ್ಲ. ಅಂದಿನಿಂದ ಅಕ್ಕ ತಮ್ಮನನ್ನು ನೋಡುವುದು ಬಸ್ ಸ್ಟಾಪಿನಲ್ಲಿ, ತರಕಾರಿ ಅಂಗಡಿಯ ಮುಂದೆ, ಕಳ್ಳರ ಹಾಗೆ.

ಆ ಬೆಳಿಗ್ಗೆ ಅವಳು ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹೊಲಿಯುತ್ತಾ ಮತ್ತೆ ಮಾತು ತೆಗೆದಿದ್ದಳು.

"ನಾಳಿದ್ದು ಅವನು ಹೊರಡ್ತಾನೆ. ದೂರದ ಬಂದರಲ್ಲಿ ಕೆಲಸವಂತೆ, ಮತ್ತೆ ಯಾವ ಕಾಲಕ್ಕೆ ಬರ್ತಾನೋ. ಒಂದು ಹೊತ್ತು ಊಟಕ್ಕೆ ಕರೀತೀನಿ ಕಣ್ರೀ."

"ತಪ್ಪು ಒಪ್ಪಿಕೊಳ್ಳಲಿ, ಕರಿ."

"ಒಂದು ಮಾತಿಗೆ ಎರಡು ಅರ್ಥ ಇದ್ರೆ ಅವನೇನು ಮಾಡ್ತಾನೆ?"

"ಆ ಎರಡನೇ ಅರ್ಥ ನಿಮ್ಮ ತೌರಿನವರ ಕಿವಿಗೆ ಮಾತ್ರ ಕೇಳ್ಸುತ್ತೆ."

ಅವಳು ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿ ಒಳಗೆ ಹೋದಳು. ಅವಳಿಗೆ ಒಡಹುಟ್ಟಿದವನೆಂದು ಇರುವುದು ಅವನೊಬ್ಬನೇ. ಅವಳ ಕಣ್ಣು ತುಂಬಿದ್ದನ್ನು ಭಾವ ನೋಡಿದ. ನೋಡಿಯೂ ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದಿದ್ದ.

ಈಗ ಬೀದಿಯಲ್ಲಿ ನಿಂತು ಗೊತ್ತಿದ್ದ ಮೆಕ್ಯಾನಿಕ್‌ಗಳಿಗೆಲ್ಲ ಫೋನ್ ಹಚ್ಚಿದ. ಒಬ್ಬ ಊರಲ್ಲಿಲ್ಲ, ಇನ್ನೊಬ್ಬ ಫೋನೇ ಎತ್ತಲಿಲ್ಲ. ಕೊನೆಗೆ ಹೆಂಡತಿಗೆ, "ಮನೇಲಿರೋ ಗಾಳಿ ಪಂಪು ತಗೊಂಡ್ಬಾ, ಯಾರಾದ್ರೂ ಒಬ್ಬ ಗಟ್ಟಿ ಆಳು ಸಿಕ್ಕಿದ್ರೆ ಕರ್ಕೊಂಡ್ಬಾ" ಎಂದ.

ಅವಳು ಸ್ಕೂಟರಿನಲ್ಲಿ ಬಂದಳು. ಹಿಂದೆ ಪಂಪನ್ನು ತಬ್ಬಿಕೊಂಡು ಕುಳಿತಿದ್ದವನು ಬಾಮೈದ.

ಭಾವನ ಮುಖ ಕಪ್ಪಿಟ್ಟಿತು. "ಬೇರೆ ಯಾರೂ ಸಿಗಲಿಲ್ವಾ ನಿನಗೆ?"

"ಗಟ್ಟಿ ಆಳು ಅಂದ್ರಿ. ಇವನು ಗಟ್ಟಿಯಾಗೇ ಇದ್ದಾನೆ," ಎಂದಳು ಅವಳು. "ಕೋಪ ಮಾಡ್ಕೊಳ್ಳೋದಾದ್ರೆ ಗಾಡಿ ಎದ್ದ ಮೇಲೆ ಮಾಡ್ಕೊಳ್ಳಿ. ಆ ಕಾರಿನವರು ಆಗ್ಲಿಂದ ಹಾರ್ನ್ ಹೊಡೀತಿದಾರೆ."

ಕೆಲಸ ಶುರುವಾಯಿತು. ಅದೇನು ಚಂದದ ಕೆಲಸವೋ, ಇಬ್ಬರ ನಡುವೆ ಮೊಳದೂರವಿಲ್ಲ, ಮಾತೆಲ್ಲ ಅವಳ ಮೂಲಕ. "ಸುತ್ತಿಗೆ ಕೊಡೋಕೆ ಹೇಳು." "ಅಕ್ಕ, ಪಿನ್ನಿಗೆ ತುಕ್ಕು ಹಿಡಿದಿದೆ, ಎಣ್ಣೆ ಬಿಡ್ಬೇಕಂತ ಹೇಳು." "ಬಿಡೋದಕ್ಕೇನು, ಗೊತ್ತಿರೋ ಕೆಲಸವೇ ಅಲ್ವಾ ಅಂತ ಹೇಳು." ಆ ಕುಟುಕನ್ನು ನುಂಗಿಕೊಂಡು ಬಾಮೈದ ತಲೆತಗ್ಗಿಸಿ ಎಣ್ಣೆ ಬಿಟ್ಟ. ಮೂಲೆಮನೆಯ ಯಜಮಾನರಿಗೆ ತಲೆಬುಡ ತಿಳಿಯದೆ, "ಇಬ್ಬರಲ್ಲಿ ಯಾರಿಗಮ್ಮಾ ಕಿವಿ ಕೇಳಲ್ಲ?" ಎಂದು ಅವಳನ್ನೇ ಕೇಳಿದರು.

"ಇಬ್ಬರಿಗೂ," ಎಂದಳು ಅವಳು.

ಪಿನ್ ಹೊಡೆದು ತೆಗೆದು ಚೈನನ್ನು ನೆಲಕ್ಕೆ ಬಿಚ್ಚಿ ಹಾಸಿದರು. ಜಾಕ್ ಕೊಟ್ಟು ಗಾಡಿಯನ್ನು ಎತ್ತಿ, ಅಡಿಗೆ ಮರದ ದಿಮ್ಮಿ ಇಟ್ಟರು. ಸರಳನ್ನು ಬಾಮೈದ ಇಕ್ಕಳದಿಂದ ಕಿತ್ತ. ತೂತಿಗೆ ಅಂಟು ಸವರಿದ ರಬ್ಬರ್ ಬತ್ತಿಯನ್ನು ದಪ್ಪ ಸೂಜಿಯಿಂದ ತುರುಕಲು ಭಾವ ಹೋದ. ಮೂರು ಬೆರಳಿನಲ್ಲಿ ಹಿಡಿತ ಸಿಗದೆ ಸೂಜಿ ಜಾರಿತು, ಮತ್ತೆ ಜಾರಿತು. ಬಾಮೈದ ಅವನ ಕೈಯಿಂದ ಸೂಜಿ ತೆಗೆದುಕೊಂಡು ತಾನೇ ತುರುಕಿದ. ಭಾವನ ಕೈಯನ್ನು ಮಾತ್ರ ಅವನು ಒಮ್ಮೆಯೂ ನೋಡಲಿಲ್ಲ. ನೋಡದಿರಲು ಎಷ್ಟು ಪಾಡು ಪಡುತ್ತಿದ್ದಾನೆ ಎಂಬುದು ಭಾವನಿಗೆ ಕಂಡಿತು, ಕಂಡು ಸಿಟ್ಟೇ ಬಂತು.

ಗಾಳಿ ತುಂಬಿತು. ಗಾಡಿಯನ್ನು ಇಳಿಸಿ, ಚೈನಿನ ಮೇಲೆ ಹತ್ತಿಸಿ, ತುದಿಗಳನ್ನು ಮೇಲಕ್ಕೆಳೆದು ಪಟ್ಟಿಯಿಂದ ಬಿಗಿದರು. ಇನ್ನು ಉಳಿದದ್ದು ಪಿನ್.

"ಭಾವ ಕೂತ್ಕೊಳ್ಳಲಿ ಅಕ್ಕ. ಪಿನ್ ನಾನು ಹಾಕ್ತೀನಿ," ಎಂದ ಬಾಮೈದ, ತೊಗಲಿನ ಕೈಗವಸು ಹಾಕಿಕೊಳ್ಳುತ್ತಾ.

ಭಾವ ಮುಂದಿನ ಮಣ್ಣೆತ್ತುವ ಬಕೆಟ್ಟಿನ ಮೇಲೆ ಕಾಲಿಟ್ಟು ಕ್ಯಾಬಿನ್ನಿಗೆ ಹತ್ತಿದ, ಮಡಿಲ ಮೇಲೆ ಸುರಕ್ಷತೆಯ ಕಂಬಿ ಎಳೆದುಕೊಂಡ, ಇಂಜಿನ್ ಹಚ್ಚಿದ. ಅವನಿಗೆ ಆ ಸೀಟು ಮನೆಯ ಮಂಚದಷ್ಟೇ ರೂಢಿ. ಆ ಸದ್ದೂ ಹೊಸದಲ್ಲ. ಆದರೆ ಇಷ್ಟು ವರ್ಷ ಅವನು ಒಳಗಿದ್ದಾಗ ಹೊರಗೆ ಚೈನಿನ ಸಂದಿಯಲ್ಲಿ ಇನ್ನೊಬ್ಬರ ಕೈ ಇದ್ದದ್ದೇ ಇಲ್ಲ. ಪಿನ್ನಿನ ಕೆಲಸವನ್ನು ಅವನು ಯಾರಿಗೂ ನಂಬಿ ಕೊಟ್ಟವನಲ್ಲ. ಎಡಕ್ಕೆ ತಿರುಗಿ ನೋಡಿದ. ಲೋಡರಿನ ದಪ್ಪ ತೋಳು ಅಡ್ಡ, ಅದರಾಚೆ ಜಾಲರಿ ಅಡ್ಡ. ಬಾಮೈದನ ಬೆನ್ನಿನ ಒಂದು ಚೂರು ಕಂಡಿತು. ಕೈ ಕಾಣಲಿಲ್ಲ. ಕೈ ಎಲ್ಲಿದೆ ಎಂದು ಬಗ್ಗಿ ನೋಡಿದ, ಆಗಲೂ ಕಾಣಲಿಲ್ಲ.

ಬಾಮೈದ ಏನೋ ಕೂಗಿದ. ಇಂಜಿನ್ ಗುಡುಗಿನಲ್ಲಿ ಮಾತಿನ ತಲೆ ಮುಳುಗಿ ಬಾಲ ಮಾತ್ರ ತೇಲಿಬಂತು. "...ಡೀರಿ."

ನಡೀರಿ ಎಂದನೆ? ತಡೀರಿ ಎಂದನೆ? ಭಾವ ಕಿವಿಗೊಟ್ಟು ಆಲಿಸಿದ. "...ಡೀರಿ, ಭಾವ." ನಡೀರಿ ಎಂದೇ ಇರಬೇಕು. ಅವನು ಎಡಗಡೆಯ ಸನ್ನೆಕೋಲನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳಿದ. ಚೈನ್ ಕಿರುಗುಟ್ಟಿತು. ಗಾಡಿಯ ಮುಂದೆ ನಿಂತಿದ್ದ ಹೆಂಡತಿ ಎರಡೂ ಕೈ ಮೇಲೆತ್ತಿದ್ದು ಗಾಜಿನಾಚೆ ಕಂಡಿತು. ಅವಳ ಬಾಯಿ ತೆರೆದಿತ್ತು, ಸದ್ದು ಕೇಳಿಸಲಿಲ್ಲ.

ಭಾವ ಕೈ ಹಿಂದಕ್ಕೆಳೆದು, ಕಂಬಿ ಎತ್ತಿ, ಇಂಜಿನ್ ಆರಿಸಿ, ಬಿದ್ದೂ ಎದ್ದೂ ಕೆಳಗಿಳಿದು ಎಡಮಗ್ಗುಲಿಗೆ ಓಡಿದ. ಬಾಮೈದ ಅಲ್ಲೇ ಮಂಡಿಯೂರಿ ಕುಳಿತಿದ್ದ. ಕೈ ಹೊರಗಿತ್ತು, ಪೂರ್ತಿ ಇತ್ತು. ಅವನ ತೊಗಲಿನ ಕೈಗವಸು ಮಾತ್ರ ಚೈನಿನ ತೂತುಗಳ ನಡುವೆ ಕಚ್ಚಿಕೊಂಡು ನೇತಾಡುತ್ತಿತ್ತು. ಗವಸಿನ ಒಂದು ಬೆರಳಿನ ತುದಿ ಚಪ್ಪಟೆಯಾಗಿತ್ತು.

ಭಾವ ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕುಳಿತ.

"ಏನಂದೆ ನೀನು?"

ಎಷ್ಟೋ ಕಾಲದ ಮೇಲೆ ನೇರವಾಗಿ ಬಂದ ಮಾತು. ಬಾಮೈದ ಅಕ್ಕನ ಮುಖ ನೋಡಿ, ಆಮೇಲೆ ಭಾವನಿಗೇ ಹೇಳಿದ. "ತಡೀರಿ ಅಂದೆ ಭಾವ. ಎರಡು ಸಲ ಅಂದೆ."

"ನನಗೆ ನಡೀರಿ ಅಂತ ಕೇಳಿಸ್ತು."

"ಹ್ಞೂಂ. ಪರವಾಗಿಲ್ಲ, ಏನೂ ಆಗಿಲ್ವಲ್ಲ."

"ಆಗಿದ್ರೆ?"

ನಿಮಗೂ ಒಳಗೆ ಕೇಳಿಸಲಿಲ್ಲವಲ್ಲ ಎಂದು ಹಿಡಿದು ಹೊಡೆಯಬಹುದಾದ ಮಾತು ಬಾಮೈದನ ನಾಲಿಗೆಯ ಮೇಲೇ ಇತ್ತು, ನ್ಯಾಯವಾಗಿ ಅದು ಅವನದೇ ಮಾತಾಗಿತ್ತು. ಅವನು ಆಡಲಿಲ್ಲ. ಬಾಟಲಿಯ ಮುಚ್ಚಳ ತಿರುಚಿ ಭಾವನಿಗೆ ನೀರು ಕೊಟ್ಟ.

ಭಾವ ನೀರು ಕುಡಿಯಲಿಲ್ಲ. "ಒಳಗೆ ಕೂತ್ರೆ ಏನೂ ಗೊತ್ತಾಗಲ್ವಲ್ಲೋ," ಎಂದ. "ನೀನು ಅವತ್ತೇ ಹೇಳ್ದೆ. ನಾನು ಕಿವಿ ಮುಚ್ಕೊಂಡಿದ್ದೆ. ತಪ್ಪು ನಿಂದಲ್ಲ ಕಣೋ. ನಿಂದಲ್ವೇ ಅಲ್ಲ."

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮೂಲೆಮನೆಯ ಯಜಮಾನರು ಇದು ಟೈರಿನ ವಿಷಯವಲ್ಲ ಎಂದು ಈಗ ಅರ್ಥವಾಗಿ, ಹಾರ್ನ್ ಹೊಡೆಯುತ್ತಿದ್ದ ಕಾರಿನವನ ಹತ್ತಿರ ಹೋಗಿ ಅವನನ್ನು ಗದರಿಸತೊಡಗಿದರು.

ಭಾವ ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡ. "ನೀನು ಕೂತ್ಕೋ. ಪಿನ್ ನಾನು ಹಾಕ್ತೀನಿ."

"ಆಗಲ್ಲ ಭಾವ."

"ಯಾಕಾಗಲ್ಲ?"

ಉತ್ತರ ಕೊಟ್ಟವಳು ಅಕ್ಕ. "ಅವತ್ತಿಂದ ಅವನು ಯಾವ ಗಾಡೀನೂ ಮುಟ್ಟಿಲ್ಲ ಕಣ್ರೀ. ಸ್ಕೂಟರೂ ಓಡಿಸಲ್ಲ. ಬಂದರಿಗೆ ಹೋಗ್ತಿರೋದು ಇನ್ಯಾಕೆ ಅಂದ್ಕೊಂಡ್ರಿ? ಅಲ್ಲಿ ಮೂಟೆ ಹೊರೋ ಕೆಲಸ."

ಭಾವನಿಗೆ ಅದು ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಅವನು ಕೇಳಿಯೂ ಇರಲಿಲ್ಲ. ಕೈ ಅಷ್ಟು ಹದವಾಗಿದ್ದ ಹುಡುಗ, ಮೊಟ್ಟೆಯ ಮೇಲೆ ಬಕೆಟ್ ಇಳಿಸಿದರೂ ಒಡೆಯದ ಹಾಗೆ ಇಳಿಸುತ್ತಿದ್ದವನು ಮೂಟೆ ಹೊರಲು ಹೊರಟಿದ್ದಾನೆ. ತಾನು ಕಳೆದುಕೊಂಡ ಎರಡು ಬೆರಳನ್ನೇ ಎಣಿಸುತ್ತಾ ಕುಳಿತವನಿಗೆ ಬಾಮೈದನ ಎರಡೂ ಕೈ ಹೋದದ್ದು ಕಂಡೇ ಇರಲಿಲ್ಲ.

"ಹತ್ತು," ಎಂದ ಭಾವ.

"ಮತ್ತೆ ಹಾಗೇ ಆದ್ರೆ?"

"ಕೂಗಾಟನೇ ಬೇಡ. ನಿಮ್ಮಕ್ಕ ಮುಂದೆ ನಿಂತ್ಕೊಳ್ಳಲಿ. ಅವಳು ಕೈ ಇಳಿಸಿದ್ರೆ ಸರಿಸು, ಎತ್ತಿದ್ರೆ ನಿಲ್ಲಿಸು. ನನ್ನ ಮಾತೂ ಬೇಡ, ನಿನ್ನ ಮಾತೂ ಬೇಡ."

ಬಾಮೈದ ಹತ್ತಿದ. ಹತ್ತಲು ಬಹಳ ಹೊತ್ತು ತೆಗೆದುಕೊಂಡ. ಭಾವ ಚೈನಿನ ಪಕ್ಕ ಮಂಡಿಯೂರಿದ. ಬಲಗೈಯನ್ನು ಬೆನ್ನ ಹಿಂದೆ ಮಡಚಿಕೊಂಡು, ಪೂರ್ತಿ ಇದ್ದ ಎಡಗೈಯಲ್ಲಿ ಪಿನ್ ಹಿಡಿದು ತೂತಿನ ಬಾಯಿಗೆ ಇಟ್ಟ. ಹೆದರಿಕೆ ಇರಲಿಲ್ಲವೆಂದರೆ ಸುಳ್ಳು. ಆದರೂ ಕೈ ತೆಗೆಯಲಿಲ್ಲ. ಅವನು ಗೋಣು ಆಡಿಸಿದಂತೆ ಅವಳ ಕೈ ಇಳಿಯಿತು. ಚೈನ್ ಎಳ್ಳಷ್ಟು ಸರಿಯಿತು. ಅವಳ ಕೈ ಏರಿತು, ಚೈನ್ ನಿಂತಿತು. ಮತ್ತೆ ಎಳ್ಳಷ್ಟು. ತೂತಿಗೆ ತೂತು ಕೂಡಿತು. ಪಿನ್ ಸಲೀಸಾಗಿ ಒಳಗೆ ಹೋಯಿತು.

ಇಂಜಿನ್ ನಿಂತಿತು. ಬಾಮೈದ ಇಳಿಯಲಿಲ್ಲ. ಮಡಿಲ ಕಂಬಿಯನ್ನೂ ಎತ್ತದೆ, ಕಣ್ಣು ಬಿಗಿಯಾಗಿ ಮುಚ್ಚಿ, ಕೈಗಳನ್ನು ತೊಡೆಗಳ ನಡುವೆ ಅಡಗಿಸಿಕೊಂಡು ಕುಳಿತಿದ್ದ. ಹೊರಗೆ ಏನಾಗಿದೆಯೋ ಎಂದು ನೋಡುವ ಧೈರ್ಯ ಅವನಿಗಿರಲಿಲ್ಲ.

ಭಾವ ಬಕೆಟ್ಟಿನ ಮೇಲೆ ಹತ್ತಿ ಕ್ಯಾಬಿನ್ನಿನೊಳಗೆ ಬಗ್ಗಿದ. ಎಣ್ಣೆ ಮೆತ್ತಿದ ಎಡಗೈಯನ್ನು ಅವನ ಮುಖದ ಮುಂದೆ ಅಗಲವಾಗಿ ಬಿಚ್ಚಿ ಹಿಡಿದ.

"ಕಣ್ಣು ಬಿಡೋ. ಎಣಿಸ್ಕೋ."

ಬಾಮೈದ ಕಣ್ಣು ತೆರೆದ. ತುಟಿ ಅಲುಗಿಸುತ್ತಾ, ಒಂದೊಂದೇ ಬೆರಳು ಮುಟ್ಟಿ ನೋಡುತ್ತಾ ಎಣಿಸಿದ. ಮುಗಿದ ಮೇಲೆ ಮೊದಲಿಂದ ಇನ್ನೊಮ್ಮೆ ಎಣಿಸಿದ. ಭಾವ ಕೈ ಹಿಂದಕ್ಕೆ ತೆಗೆಯದೆ ಹಾಗೆಯೇ ಹಿಡಿದುಕೊಂಡಿದ್ದ.

"ಸರಿಯಾಗಿದ್ಯಾ ಲೆಕ್ಕ?"

"ಸರಿಯಾಗಿದೆ ಭಾವ."

"ಹಾಗಾದ್ರೆ ಈ ಮಣ್ಣು ನೀನೇ ಮುಚ್ಚಿ ಮುಗಿಸು. ನಾನು ನಿಮ್ಮಕ್ಕನ ಜೊತೆ ಮನೆಗೆ ಹೋಗಿ ಊಟಕ್ಕೆ ಏನಿದೆ ನೋಡ್ತೀನಿ," ಎಂದು ಹೇಳಿ ಭಾವ ಕೆಳಗಿಳಿದ.