ನೂರಾ ನಲವತ್ತು ಹೂಂ

"ನೀವು ಹೂಂ ಅನ್ನೂದ ಇಲ್ಲಲ್ರಿ ಅಣ್ಣಾರ, ಅದಕ್ಕ ಮಾಮಾನ ಬಾಯಿ ಕಟ್ಟೇತಿ," ಎಂದಳು ಪದ್ಮಜಾ, ಬಾಗಿಲ ಬಳಿ ನಿಂತು ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ.

"ರೆಕಾರ್ಡಿಂಗ್ ನಡೀವಾಗ ಸೊಳ್ಳೆನೂ ಸದ್ದು ಮಾಡಬಾರ್ದು ಕಣಮ್ಮ," ಎಂದ ದೇವರಾಜು, ಅವಳ ಮುಖ ನೋಡದೆ.

ಅದು ಅಮೆರಿಕದ ಸ್ಯಾನ್ ಹೊಸೆಯ ಕನ್ನಡ ಪ್ರಾರ್ಥನಾ ಕೂಟದವರು ಬಾಡಿಗೆಗೆ ಹಿಡಿದಿದ್ದ ಸಭಾಂಗಣದ ಹಿಂದಿನ ಕೋಣೆ. ಹೊರಗಿನ ಸದ್ದು ಬರದಿರಲೆಂದು ಗೋಡೆಗೆಲ್ಲ ದೇವರಾಜುವೇ ಕಂಬಳಿ ಹೊಡೆದಿದ್ದ. ಮೂರು ವರ್ಷದಿಂದ ಪ್ರತಿ ಶನಿವಾರ ಮೌಂಟನ್ ವ್ಯೂನಿಂದ ಬಂದು ಮಾಮಾ ಎಸ್ತೇರ್ ಎದುರು ಕೂರುತ್ತಿದ್ದ. ಮಾಮಾ ಎಂದರೆ ಅವಳ ಕಡೆ ಅಮ್ಮ; ಮಗಳ ಮನೆಯಲ್ಲಿದ್ದ ಅವಳಿಗೆ ಎಂಬತ್ತು ದಾಟಿತ್ತು. ಟಾಂಜಾನಿಯಾದ ಒಂದು ಸರೋವರದ ದಡದವಳು. ಅವಳ ಜನ ಎಲ್ಲ ಸೇರಿ ಎರಡು ಸಾವಿರವಿದ್ದರೆ ಹೆಚ್ಚು. ಮಕ್ಕಳೆಲ್ಲ ಸ್ವಾಹಿಲಿಗೆ ಹೊರಳಿದ್ದರು. ಅವಳದು ಬರಹವಿಲ್ಲದ ಭಾಷೆ. ದೇವರಾಜು ಯೇಸುವಿನ ಕತೆಯೊಂದನ್ನು ಸರಳ ಇಂಗ್ಲಿಷಿನಲ್ಲಿ ಓದಬೇಕು, ಮಾಮಾ ತನ್ನ ಮಾತಿನಲ್ಲಿ ಹೇಳಬೇಕು, ಅದರ ರೆಕಾರ್ಡಿಂಗ್ ಅವಳ ಊರಿನ ಪಾಸ್ಟರಿಗೆ ಹೋಗಬೇಕು. ಸಂಜೆ ಅವರು ಮರದ ಕೆಳಗೆ ಜನರನ್ನು ಕೂಡಿಸಿ ಕೇಳಿಸುತ್ತಿದ್ದರು.

ಪದ್ಮಜಾ ಕೂಟದವಳೂ ಅಲ್ಲ. ಹುಬ್ಬಳ್ಳಿಯ ಲಿಂಗಾಯತರ ಹೆಣ್ಣುಮಗಳು, ಮಾಮಾಳ ಪಕ್ಕದ ಅಪಾರ್ಟ್‌ಮೆಂಟು. ಕರೆತಂದು ಬಿಡುವುದಷ್ಟೇ ಅವಳ ಪಾಲು. ಹೋದ ತಿಂಗಳು ದೇವರಾಜುಗೆ ಜ್ವರ ಬಂದಾಗ, ಕತೆ ಓದಿ ರೆಕಾರ್ಡರಿನ ಕೆಂಪು ಗುಂಡಿ ಒತ್ತುವಂತೆ ಅವಳಿಗೇ ಫೋನಿನಲ್ಲಿ ಹೇಳಿದ್ದ. ಅಷ್ಟೇ ನೋಡಿ. ಅವನೆದುರು ಆರು ನಿಮಿಷಕ್ಕೆ ಮುಗಿಯುತ್ತಿದ್ದ ಮಾಮಾ ಅಂದು ಇಪ್ಪತ್ತೈದು ನಿಮಿಷ ಹೇಳಿದ್ದಳು. ತಪ್ಪಿಸಿಕೊಂಡ ಕುರಿಯಾಗಿ ಅರಚಿದ್ದಳು, ಹುಡುಕುವವನಾಗಿ ಏದುಸಿರು ಬಿಟ್ಟಿದ್ದಳು, ಸಿಕ್ಕಾಗ ಹಾಡಿದ್ದಳು. ಒಂದೊಂದು ಮಾತಿಗೂ ಪದ್ಮಜಾಳ "ಹೂಂ", "ಹೌದ?", "ಆಮ್ಯಾಲ?" ಭಾಷೆಯ ಒಂದಕ್ಷರ ತಿಳಿಯದಿದ್ದರೂ!

ದೇವರಾಜು ಅದನ್ನು ಹೆಡ್‌ಫೋನಿನಲ್ಲಿ ಎರಡೆರಡು ಸಲ ಕೇಳಿದ್ದ. ಮೂರು ವರ್ಷದಲ್ಲಿ ಮಾಮಾ ತನಗೆಂದು ಒಂದು ಸಾಲು ಹಾಡಿದ್ದುಂಟೆ? ಮೂರು ಸಂಜೆ ಕೂತು ನೂರಾ ನಲವತ್ತು ಹೂಂಗಳನ್ನು ಒಂದೊಂದಾಗಿ ಕತ್ತರಿಸಿ, ಉಳಿದದ್ದನ್ನು ಪಾಸ್ಟರಿಗೆ ಕಳಿಸಿದ. ಕೂಟದವರಿಗೆ "ಕ್ವಾಲಿಟಿ ಸರಿಯಿರಲಿಲ್ಲ" ಎಂದ. ಕೈ ಮಾತ್ರ ಮೂಲವನ್ನು ಅಳಿಸಲಿಲ್ಲ.

ಇಂದು ಬೆಳಿಗ್ಗೆ ಪಾಸ್ಟರರ ಸಂದೇಶ ಬಂದಿತ್ತು. "ಎಸ್ತೇರ್ ಎದುರು ಯಾರೂ ಇಲ್ಲವೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದಾರೆ. ಮಾತು ನಿಲ್ಲಿಸಿ ಕಾಯುತ್ತಾಳೆ, ಯಾರೂ ಓಗೊಡುವುದಿಲ್ಲ. ನಮ್ಮಲ್ಲಿ ಹಾಗೆ ಒಬ್ಬರೇ ಮಾತಾಡುವುದು ಗೋರಿಯ ಮುಂದೆ ಮಾತ್ರ. ಮೊದಲು ಕಳಿಸಿದ ಕತೆಗಳನ್ನು ಕೇಳುವಾಗಲೂ ಕೆಲವರು ಎದ್ದು ಹೋಗುತ್ತಿದ್ದರು. ನಿಮಗೆ ಬೇಸರವಾದೀತೆಂದು ಹೇಳಿರಲಿಲ್ಲ."

ಅದನ್ನವನು ಯಾರಿಗೂ ತೋರಿಸಿರಲಿಲ್ಲ. ಈಗಷ್ಟೇ ಹೊಸ ಕತೆ ಓದಿ ಗುಂಡಿ ಒತ್ತಿದ್ದ. ಮಾಮಾ ಎರಡು ಮಾತಾಡಿ ನಿಂತಳು. ಮುಂದುವರಿಸು ಎಂದು ಬೆರಳಾಡಿಸಿದ. ಇನ್ನೆರಡು ಮಾತು, ಮತ್ತೆ ಮೌನ. ಅವಳ ಕಣ್ಣು ಬಾಗಿಲ ಬಳಿಯ ಪದ್ಮಜಾಳ ಮೇಲಿತ್ತು.

"ನಾ ಹೋಗಿ ಗ್ರೋಸರಿ ಮುಗಿಸ್ಕೊಂಡ ಬರತೀನ್ರಿ," ಎಂದಳು ಪದ್ಮಜಾ.

"ನಿಮ್ ಹೂಂಗಳನ್ನೆಲ್ಲ ನಾನೇ ಕತ್ತರಿಸಿದ್ದು," ಎಂದ ದೇವರಾಜು. ಹೇಳಬೇಕೆಂದುಕೊಂಡಿದ್ದು ಬೇರೆ, ಬಾಯಿಗೆ ಬಂದದ್ದು ಇದು.

"ಗೊತ್ತೈತ್ರಿ. ಊರಿಂದ ಬಂದಿದ್ದನ್ನ ಮಾಮಾ ಫೋನಿನ್ಯಾಗ ಕೇಳಿಸಿದ್ರು. ಮನ್ಯಾಗ ನಮ್ಮವ್ರೂ ಹಂಗ ಅಂತಾರ, ನಿನ್ನ ಬಾಯಿಗೆ ಕತ್ರಿ ಹಾಕಬೇಕಂತ."

ಅವಳು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಮೂಲದ್ದು ಹಂಗೇ ಇದೆ. ಇವತ್ತು ಅದನ್ನೇ ಕಳಿಸ್ತೀನಿ. ಬನ್ನಿ, ಕೂತ್ಕೊಳಿ."

"ಮೈಕ್‌ನ್ಯಾಗ ನನ್ನ ದನಿ ಬರತೈತಲ್ರಿ?"

"ಬರ್ಲಿ."

ಮಾಮಾಳ ಎದುರಿಗಿದ್ದ ತನ್ನ ಕುರ್ಚಿಯನ್ನು ಅವಳಿಗೆ ಬಿಟ್ಟು, ದೇವರಾಜು ಪಕ್ಕಕ್ಕೆ ಸ್ಟೂಲು ಎಳೆದುಕೊಂಡ. ಹೆಡ್‌ಫೋನು ತೆಗೆದಿಟ್ಟು ಗುಂಡಿ ಒತ್ತಿದ. ಮಾಮಾ ಸೆರಗಿನಂಥ ತನ್ನ ಬಟ್ಟೆಯನ್ನು ಹೆಗಲಿಗೆ ಸರಿಮಾಡಿಕೊಂಡು ಒಂದು ಮಾತು ಹೇಳಿ ನಿಂತಳು. ಪದ್ಮಜಾ ಉಸಿರೆಳೆದುಕೊಳ್ಳುವಷ್ಟರಲ್ಲಿ, ಅವಳಿಗಿಂತ ಒಂದು ಚೂರು ಮೊದಲೇ, ದೇವರಾಜು ಗಟ್ಟಿಯಾಗಿ "ಹೂಂ" ಎಂದುಬಿಟ್ಟ.