ಒಣಗಿದ ಮೇಲಿನ ಬಣ್ಣ

ಸಂಜೆಯ ಬಿಸಿಲು ಸೋಫಾದ ಹಿಂದಿನ ಗೋಡೆಗೆ ಬಿದ್ದದ್ದೇ ಆ ಹಸಿರುನೀಲಿ ಮತ್ತೆ ಕಣ್ಣಿಗೆ ರಾಚಿತು, ಅವಳು ಮುಖ ತಿರುಗಿಸಿದಳು, ತಿರುಗಿಸಿ ಎಲ್ಲಿ ನೋಡುವುದು, ನಾಲ್ಕೂ ಗೋಡೆಗೆ ಅದೇ, ಒಂದು ಗೋಡೆಗೆ ಸಾಕಮ್ಮ ಅಂದಿದ್ದರು ಪೇಂಟರು, ಮೂಲೆಯಲ್ಲಿ ಅಂಗೈಯಷ್ಟು ಬಳಿದು, ಹೆಬ್ಬೆರಳು ಒತ್ತಿ ತೋರಿಸಿ, ಇದಿನ್ನೂ ಹಸಿ, ಒಣಗಿದ್ಮೇಲೆ ಗಾಢ ಆಗತ್ತೆ, ನಾಳೆ ನೋಡಿ ಹೇಳಿ — ಆ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಬಣ್ಣ ಕೂತಿತ್ತು — ನಾಳೆವರೆಗೆ ಕಾಯುವ ತಾಳ್ಮೆ ಅವಳಿಗೆಲ್ಲಿ, ಭಾನುವಾರ ನಾದಿನಿ ಬರುವವಳು, ಎಲ್ಲರ ಮನೆಗೂ ಒಂದು ಕೊಂಕು ಆಡದೆ ಹೊರಡದವಳು, ಅವಳು ಒಮ್ಮೆಯಾದರೂ ಬೆರಗಾಗಬೇಕಿತ್ತು, ನಂಗೆ ಬಣ್ಣ ಗೊತ್ತಾಗಲ್ವಾ, ನಾಲ್ಕೂ ಕಡೆ ಹಚ್ಚಿಬಿಡಿ, ಅಂದುಬಿಟ್ಟಿದ್ದಳು ಪೇಂಟರಿಗೆ. ಹಚ್ಚಿದರು. ಮೂರು ದಿನ, ಮೊಣಕಾಲು ನೋವನ್ನು ನುಂಗಿಕೊಂಡು, ಸ್ವಿಚ್ಚುಗಳಿಗೆ ಒಂದು ಹನಿ ತಾಗದಂತೆ.

ನಾದಿನಿ ಇವತ್ತು ಬಂದಳು, ಹೊಸ್ತಿಲಲ್ಲೇ ನಕ್ಕಳು, ಏನತ್ತಿಗೆ, ಈಜುಕೊಳದೊಳಗೆ ಕೂತ್ಕೊಂಡು ಮಾತಾಡ್ಬೇಕಾ ನಾವು — ಇವಳ ಬಾಯಿಂದ ಉತ್ತರ ಹೇಗೆ ಜಾರಿತೋ, ಅಲ್ಲ, ಜಾರಿತು ಅನ್ನುವುದೂ ಸುಳ್ಳು, ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು, ನಾನು ಹೇಳಿದ್ದು ಬೇರೆ ಕಣೇ, ಆ ಪೇಂಟರ್ ಕಲಸೋದ್ರಲ್ಲಿ ಎಡವಟ್ಟು ಮಾಡ್ಬಿಟ್ಟ — ಮೂರು ದಿನ ‘ಅವರು’ ಅನ್ನಿಸಿಕೊಂಡವರನ್ನು ಒಂದೇ ಉಸಿರಿಗೆ ‘ಅವನು’ ಮಾಡಿದಳು. ಬಾಗಿಲಲ್ಲಿ ಕೆಮ್ಮು. ಬಿಟ್ಟುಹೋಗಿದ್ದ ಬ್ರಷ್ಷಿಗೆಂದು ಬಂದ ಪೇಂಟರು, ಎಲ್ಲ ಕೇಳಿಸಿಕೊಂಡು ನಿಂತಿದ್ದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ಹೌದಮ್ಮ, ನಂದೇ ತಪ್ಪು, ನೀವು ಹೇಳಿದ್ದು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ, ಅಂದರು, ಅವಳ ಮಾನ ಉಳಿಸಿದರು, ಬ್ರಷ್ಷು ಹಿಡಿದ ಕೈಯಲ್ಲಿ ಆ ಉಗುರು, ಅದೇ ಹಸಿರುನೀಲಿ. ಅವರಿನ್ನೂ ಮೆಟ್ಟಿಲಿಳಿಯುತ್ತಿದ್ದಾರೆ, ನಾದಿನಿಯ ದನಿ ಜೋರು, ನಮ್ಮನೆ ಕೆಲಸಕ್ಕೂ ಇವನನ್ನೇ ಕರೀಬೇಕು ಅಂತಿದ್ದೆ, ಸದ್ಯ ಬಚಾವಾದೆ. ಆಗಲಾದರೂ ಹೇಳಬಹುದಿತ್ತು, ತಪ್ಪು ನಂದು ಕಣೇ, ಎಷ್ಟು ಸಣ್ಣ ಮಾತು, ಬಾಯಿ ತೆರೆದಳು, ತೆರೆದು, ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ ಅಂದಳು. ಥೂ, ನಾಚಿಕೆಗೆಟ್ಟವಳೇ.

ಈಗ ನಾದಿನಿ ಹೋಗಿಯಾಗಿದೆ, ಫೋನು ಕಿವಿಯಲ್ಲಿದೆ, ಹೇಳಿಬಿಡಬೇಕು, ಆ ಕೆಲಸವಾದರೂ ಅವರಿಗೆ ಸಿಗಲಿ, ಆ ಕಡೆ ನಾದಿನಿ, ಹೇಳಿ ಅತ್ತಿಗೆ, ಗೋಡೆಗೆ ಮತ್ತೆ ಬಣ್ಣ ಹೊಡೆಸ್ತೀರಾ, ಅತ್ತಿಗೆ, ಕೇಳಿಸ್ತಾ ಇದೆಯಾ — ಕೇಳಿಸುತ್ತಿದೆ, ಬಾಯಿ ತೆರೆದೇ ಇದೆ, ಬಿಸಿಲು ಇಳಿದು ಗೋಡೆ ಗಾಢವಾಗುತ್ತಿದೆ, ಕಣ್ಣಮುಂದೆ ಬ್ರಷ್ಷಿನ ಹಿಡಿಯ ಮೇಲೆ ಆ ಹೆಬ್ಬೆರಳು, ಹೆಬ್ಬೆರಳ ಉಗುರು, ಉಗುರಿನ ಸಂದಿಯಲ್ಲಿ ಹಸಿರುನೀಲಿ —